ಒಣ ಓಟ

ಬ್ಯಾಡಗಿಯಿಂದ ನಸುಕಿನಲ್ಲೇ ಹೊರಟ ಟೆಂಪೋದ ಹಿಂದೆ
ಗೋಣಿತಾಟು ಹೊದ್ದು ಮಲಗಿತ್ತು ಪಂಪು.
ಗೋಕುಲ ರೋಡಿನ ನಮ್ಮ ಶೆಡ್ಡಿಗೆ ಅದು ಮುಟ್ಟುವ ಮೊದಲೇ
ಘಾಟು ಮುಟ್ಟಿತ್ತು.
ಎದುರು ಲೇತಿನವರು ಸೀನಿದರು, ಚಾ ತಂದ ಹುಡುಗ ಸೀನಿದ,
ಹಜರೇಸಾಬ ನದಾಫರು ಮಾತ್ರ
ಪಂಪಿನ ಬಾಯಿಗೇ ಮೂಗು ಹಚ್ಚಿ ಮೂಸಿದರು.
"ಮೆಣಸಿನಕಾಯಿ ಹಿಂದ ಮತ್ತೊಂದು ವಾಸನಿ ಐತಿ.
ರಬ್ಬರ್ ಸುಟ್ಟೈತಿ. ಎಷ್ಟೊತ್ತು ಒಣಾ ಓಡಿಸೀರಿ?"

ಜೊತೆಗೆ ಬಂದ ಆಪರೇಟರ್ ಕೋಟೆಪ್ಪ,
ಅಂಗಿಯ ತೋಳೂ ಕೆಂಪು, ಉಗುರೂ ಕೆಂಪು,
"ಟ್ಯಾಂಕಿನ್ಯಾಗ ಖಾರ ಇತ್ರೀ" ಅಂದ,
ತನ್ನ ಚಪ್ಪಲಿ ನೋಡುತ್ತ.

ಮರುಮಾತಿಲ್ಲ. ಬೋಲ್ಟು ಬಿಚ್ಚಿ, ರೋಟರು ಎಳೆದು
ನನ್ನ ಕೈಗಿಟ್ಟರು. ಮೊಳಕ್ಕಿಂತ ಉದ್ದ, ಕ್ರೋಮಿನ ಹೊಳಪು,
ಒಗೆದ ಬಟ್ಟೆ ಹಿಂಡಿ, ಬಿಚ್ಚಲು ಮರೆತಂತೆ
ಉಕ್ಕಿನ ಒಂದೇ ಎಳೆಯ ನುಲಿ.
ಸ್ಟೇಟರು ಅದರ ಮನೆ: ಕೊಳವೆಯೊಳಗೆ ಕಪ್ಪು ರಬ್ಬರು,
ರಬ್ಬರಿನೊಳಗೆ ಎರಡೆಳೆಯ ಸುರುಳಿ ದಾರಿ.
ಒಂದು, ಎರಡು. ಲೆಕ್ಕ ಕೂಡುವುದಿಲ್ಲ.
ಕೂಡದ ಕಡೆಯೇ ಉಳಿಯುತ್ತದೆ ಜಾಗ,
ಬೊಗಸೆಯಷ್ಟು, ಸುತ್ತಲೂ ಮುಚ್ಚಿದ್ದು.

ರೋಟರು ತಿರುಗಿದರೆ ಬೊಗಸೆ ಮುಂದೆ ಸರಿಯುತ್ತದೆ.
ಇದು ಮುಗಿಯುವಷ್ಟರಲ್ಲಿ ಅದು ಶುರು,
ಇದು ಸಣ್ಣದಾದಷ್ಟೇ ಅದು ದೊಡ್ಡದು,
ಹೀಗಾಗಿ ಹೊರಬೀಳುವ ಧಾರೆಗೆ ಎದೆಬಡಿತವಿಲ್ಲ.
ಎಂಟು ದಿನಕ್ಕೊಮ್ಮೆ ಬರುವ ನಳದ ನೀರು ಹೊತ್ತು
ನಮ್ಮವ್ವ ಸಂದಿಯಲ್ಲಿ ಗೋಡೆ ಸವರಿಕೊಂಡು ಬರುತ್ತಿದ್ದಳು,
ಮೈ ಅತ್ತ ವಾಲಿ ಇತ್ತ ವಾಲಿ,
ಕೊಡ ತುಳುಕಿದ್ದಿಲ್ಲ.

ಏನೇನು ಹೊತ್ತಿಲ್ಲ ಈ ಜಾತಿಯ ಪಂಪು!
ಕಾಕಂಬಿ, ಗಾರೆ, ಚರಂಡಿಯ ರಾಡಿ,
ಡೇರಿಯ ಮೊಸರು, ಹೆಪ್ಪು ಕೆಡದಂತೆ.
ಒಮ್ಮೆ ಗದಗಿನ ಕಡೆಯ ಕೊಳಚೆ ಘಟಕದ ಸ್ಟೇಟರಿನಲ್ಲಿ
ರಬ್ಬರಿಗೆ ಕಚ್ಚಿಕೊಂಡ ಕಾಲುಂಗುರ ಸಿಕ್ಕಿತ್ತು.
ಕೇಳಿ ಯಾರೂ ಬರಲಿಲ್ಲ. ಡ್ರಾವರಿನಲ್ಲಿದೆ,
ವಾಷರುಗಳ ಜೊತೆ.

ಹಳೆಯದನ್ನು ಸೀಳಿದೆವು. ಒಳಗೆ
ಹಂಚಿನ ಮೇಲೆ ಮರೆತ ರೊಟ್ಟಿ.
"ಇದಕ್ಕ ಬ್ಯಾರೆ ಎಣ್ಣಿ ಹಾಕಂಗಿಲ್ಲ ತಮ್ಮಾ.
ಹೊತ್ತೊಯ್ಯೂದ ಇದರ ಎಣ್ಣಿ, ಇದರ ತಂಪು.
ಹೊರಿ ಇಳಿಸಿ ತಿರಗಾಕ ಬಿಟ್ರ
ಘಳಿಗ್ಯಾಗ ತನ್ನ ಮನಿ ತಾನ ಸುಡತೈತಿ."

ಕೋಟೆಪ್ಪ ಬಹಳ ಹೊತ್ತಿನ ಮೇಲೆ ಬಾಯಿಬಿಟ್ಟ:
"ವಾಲ್ವ್ ಬಂದ್ ಇತ್ರೀ. ನನಗ ನಿದ್ದಿ ಹತ್ತಿತ್ತು.
ಮೂರನೇ ಪಾಳಿರೀ, ಒಂದರ ಮ್ಯಾಲೊಂದು."

ಹೊಸ ರಬ್ಬರಿಗೆ ಗ್ಲಿಸರಿನ್ ಸವರಿ
ರೆಂಚು ಹಾಕಿ ಇಬ್ಬರೂ ತಿರುವಿದೆವು.
ನುಲಿ ಒಳಹೊಕ್ಕಿತು, ನಿಧಾನ, ಒಲ್ಲೆನೆಂಬಂತೆ.
ಡ್ರಮ್ಮಿಗೆ ನೀರು ತುಂಬಿ ಚಾಲು ಮಾಡಿದರೆ
ಗೇಜಿನ ಮುಳ್ಳು ಏರಿ, ನಿಂತಲ್ಲೇ ನಿಂತಿತು.

ಬಿಲ್ಲು ನಾನೇ ಬರೆಯುವುದು. "ಕಾರಣ" ಎಂಬ ಖಾನೆಗೆ
ಪೆನ್ನು ಹಚ್ಚಿ ಅವರ ಮುಖ ನೋಡಿದೆ.
ಹಜರೇಸಾಬರು ಕೈ ಒರೆಸಿಕೊಳ್ಳುತ್ತಿದ್ದರು.
"ಸವಕಳಿ ಅಂತ ಬರಿ," ಅಂದರು.
"ವಯಸ್ಸಾಗಿತ್ತು ಅಂತ ಬರಿ."

ಆಮೇಲೆ, ತಿರುಗಿಯೂ ನೋಡದೆ:
"ಲೇ ತಮ್ಮಾ, ಖಾರದ ಕೈಲೆ
ಕಣ್ಣೊರಸಬ್ಯಾಡ."