ಬಣ್ಣ ಹಾಕದ ವರ್ಷ

ಸಬಕಾರಕ್ಕೂ ಹೋಗೂದಿಲ್ಲ
ಉಗುರಸಂದ್ಯಾಗಿನ ಗುಲಾಬಿ.
ದಸರಾದಿಂದ ಗೌರಿ ಹುಣ್ಣಿವಿತನಕ
ನನ್ನ ಕೈ ನನ್ನವಲ್ಲ, ಸಕ್ಕರಿ ಆರತಿಯವು.
ಗುಳೇದಗುಡ್ಡದಾಗ, ಖಣ ನೇಯೋರ ಮಗ್ಗ ಬಡಿಯೂ ಓಣಿಯೊಳಗ
ನಮ್ಮದೊಂದು ಒಲಿ,
ಅಜ್ಜನ ಕಾಲದ ಸಾಗವಾನಿ ಅಚ್ಚು ನಲವತ್ತು ಜೋಡಿ:
ಆನಿ, ನವಲ, ಬಸವಣ್ಣ, ಗೋಪುರ,
ಕಿವಿ ಸವದ ಇನ್ನೊಂದು ಆನಿ.

ನನ್ನ ಮಗ ಶ್ರೀಶೈಲ, ಎಂಟು ವರ್ಷದಾಂವ,
ಕುಂಡ್ರೂದಿಲ್ಲ.
ಕುಂಡ್ರೂದಿಲ್ಲ ಅಂದರ ನಿಮಗ ಗೊತ್ತಾಗೂದಿಲ್ಲ.
ಮಗ್ಗದ ಲಾಳಿಯರ ಈ ಕಡಿಗೆ ಬಂದು ಒಂದು ಕ್ಷಣ ನಿಂದರತೈತಿ.
ಸಾಲಿ ಅಕ್ಕೋರು ಬೆಂಚು ಬದಲಿ ಮಾಡಿದರು,
ಆಮ್ಯಾಲೆ ಸಾಲು, ಆಮ್ಯಾಲೆ ನನ್ನ ಕರಿಸಿದರು.
'ಕೆಟ್ಟ ಹುಡುಗ ಅಲ್ಲರೀ,' ಅಂದರು.
ಆ ಮಾತಿಗೇ ಎದಿ ಝಲ್ಲ ಅಂತು.

ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು.
ಹೇಣ್ತಿ ಕಾಶೀಬಾಯಿ ನನ್ನ ಕಡೆ ಹೊಳ್ಳಿ,
'ನಿಮ್ಮ ಕಾಕಾನೂ ಹಿಂಗ ಇದ್ದನಂತಲ್ಲ?'
ಬಾಗಲಕೋಟಿ ನವನಗರದ ಡಾಕ್ಟರಬಾಯಿ ಮಾತ್ರ
ಹುಡುಗನ್ನ ಬಿಟ್ಟು ನನ್ನ ಉಗುರು ನೋಡಿದರು.
'ಏನು ಕೆಲಸಾ?'
ಹೇಳಿದೆ.
'ಇದನ್ನೆಲ್ಲಾ ತಿಂತಾನೇನು?'
ಮಿಠಾಯಿಗಾರನ ಮಗ ಮತ್ತೇನು ತಿಂತಾನ್ರೀ,
ಮುರದ ಕುದರಿ ಕಾಲು, ನವಲಿನ ಪುಚ್ಚ,
ನಾಲಿಗಿ ಯಾವಾಗಲೂ ಹಸರು.

'ಕೆಲವು ಮಕ್ಕಳಿಗೆ ಬಣ್ಣದಿಂದ ಚಡಪಡಿಕಿ ಹೆಚ್ಚಾಗಬಹುದು.
ಎಲ್ಲಾರಿಗೂ ಅಲ್ಲ. ಇವಂಗ ಹೌದೋ ಅಲ್ಲೋ
ಈಗ ಹೆಂಗ ಹೇಳಲಿ? ಬಿಟ್ಟು ನೋಡ್ರಿ. ಬರದಿಡ್ರಿ.'
ಆಗಬಹುದು, ಇರಬಹುದು, ನೋಡೂಣು:
ಇನ್ನೂರು ರೂಪಾಯಿ ಕೊಟ್ಟು ತಂದ ಮೂರು ಮಾತು.

ಉದ್ರಿ ವಹಿಯ ಹಿಂದಿನ ಹಾಳಿಯಾಗ ಗೆರಿ ಎಳದೆ.
ಈ ಕಡೆ ತಿಂದದ್ದು, ಆ ಕಡೆ ಮಾಡಿದ್ದು.

ಸೋಮವಾರ. ರೊಟ್ಟಿ, ಪುಂಡಿಪಲ್ಲೆ, ಮಸರು.
   ನೀರಿನ ಗಡಗಿ ಒಡದ.
ಮಂಗಳವಾರ. ರೊಟ್ಟಿ, ಹೆಸರಬ್ಯಾಳಿ, ಸಾಲಿಯಾಗ ಅನ್ನ ಸಾರು.
   ಅಕ್ಕೋರ ಫೋನ್ ಬರಲಿಲ್ಲ.
ಬುಧವಾರ. ಕೆಲವಡಿಯೊಳಗ ಕುಬಸದ ಊಟ,
ಕೆಂಪ ಜಿಲೇಬಿ ಮೂರು, ಕಣ್ಣು ತಪ್ಪಿಸಿ.
   ರಾತ್ರಿ ಹನ್ನೊಂದರತನಕ ಮಾಳಗಿ ಮ್ಯಾಲೆ ಓಡಿದ.
'ಸಿಕ್ಕತು!' ಅಂದೆ.
ಕಾಶೀಬಾಯಿ ಅಂದಳು,
'ಕಾರ್ಯದ ಮನಿಯಾಗ ಯಾವ ಹುಡುಗ ಓಡೂದಿಲ್ಲ?'
ಶುಕ್ರವಾರ. ಬಣ್ಣದ್ದು ಏನೂ ಇಲ್ಲ.
   ಓಡಿದ.
ರವಿವಾರ. ಯಾರೋ ಕೊಟ್ಟ ಪೆಪ್ಪರಮಿಂಟು ಎರಡು, ಕೆಂಪೂವು.
   ಮಲಗಿದ, ಕರು ಮಲಗಿದಂಗ.

ಉದ್ರಿ ಲೆಕ್ಕಾ ಎಂದೂ ಹಿಂಗ ಕೈಕೊಟ್ಟಿರಲಿಲ್ಲ.

ಆದರೂ ಬಣ್ಣದ ಡಬ್ಬಿ ಅಟ್ಟಕ್ಕ ಏರಿಸಿದೆ.
ಪಾಕಕ್ಕ ಹಾಲು ಹಾಕಿ, ಲಿಂಬಿ ಹಿಂಡಿ, ಹೊಲಸು ತಗದು
ಬರೇ ಬಿಳಿ ಎರದೆ.
ಕಟಗೇರಿ ಅಂಗಡಿಯಾಂವ ಬುಟ್ಟಿ ಮ್ಯಾಲಿನ ಅರಿವಿ ಸರಿಸಿ,
'ಯಾರ ಮನಿ ಸೂತಕೋ ಮಾರಾಯಾ ಇದು?'
ಅರ್ಧಕ್ಕರ್ಧ ಹೊಳ್ಳಿ ಬಂತು.
ಗುಲಾಬಿ ಇಲ್ಲದ ಆರತಿ ಹಿಡದು
ಯಾವ ಹುಡುಗಿ ಗುಡಿಗೆ ಹೊಂಟಾಳು?

ಅವತ್ತು ಸಂಜಿಕ,
ಇದನ್ನ ಯಾವ ಕಡೆ ಬರೀಬೇಕೋ ತಿಳೀವಲ್ದು,
ಅಚ್ಚಿನ ದಾರ ಬಿಚ್ಚಾಕ ಕೈ ಸಾಲಲಿಲ್ಲ, ಅವನ್ನ ಕೂಗಿದೆ.
ಬಂದ. ಕುಕ್ಕರಗಾಲಿಲೆ ಕುಂತ.
ನೀರಾಗ ನೆನದ ಕಟಗಿ, ಒಳಗ ಇನ್ನೂ ಬಿಸಿ.
ಅವಸರ ಮಾಡಿದರ ಸೊಂಡಿ ಮುರೀತೈತಿ,
ತಡಾ ಮಾಡಿದರ ಅಂಟತೈತಿ.
ಎರಡು ಬೊಟ್ಟಿಲೆ, ಉಸರು ಹಿಡದು,
ಒಂದು ಆನಿ ಬಿಡಿಸಿದ. ಇನ್ನೊಂದು.
ಗಡಿಯಾರ ನೋಡಿದೆ. ನೋಡಬಾರದಿತ್ತು.
ಹದಿನೇಳು ಆನಿ.
ಹದಿನೆಂಟನೇದಕ್ಕ ಎದ್ದು ಓಡಿದ.

ರೊಟ್ಟಿಯೋ, ಬಣ್ಣ ಬಿಟ್ಟದ್ದೋ, ಬಿಸಿ ಕಟಗಿಯೋ,
'ಕುಂಡ್ರು' ಅನ್ನದ ನಾ ಮೊದಲ ಸಲ ಕರದದ್ದೋ.
ವಹಿ ತಗದು ಕುಂತೀನಿ.
ತಿಂದದ್ದರ ಕಡೆ ಬರದೆ:
ಮುರದ ಸೊಂಡಿ ಒಂದು, ಬಿಳೀದು.
ಆ ಕಡೆ ಇನ್ನೂ ಏನೂ ಬರದಿಲ್ಲ.
ಮಾಳಗಿ ಮ್ಯಾಲೆ ಕಾಲಸಪ್ಪಳ ಕೇಳತೈತಿ.