ತಿರುಗುವ ಹೊತ್ತು

ಆಟೋ ಕಾಂಪ್ಲೆಕ್ಸಿನ ಹಾಲೇಶನ ಲೇತ್ ಅಂಗಡಿಯಲ್ಲಿ
ಶಟರು ಅರ್ಧ ಇಳಿಸಿ,
ಕಬ್ಬಿಣದ ಸುರುಳಿ ಸಿಪ್ಪೆಯನ್ನು ಕಾಲಲ್ಲೇ ಸರಿಸಿ
ನಾಲ್ವರೂ ಹಿಮಾಲಯ ಹರಡಿಕೊಂಡೆವು
ಹಳೆಯ ಫ್ಲೆಕ್ಸಿನ ಬೆನ್ನ ಮೇಲೆ.

ಮುಂಬದಿಯಲ್ಲಿ ಯಾರದೋ ಹುಟ್ಟುಹಬ್ಬ, ಹಾರ, ಮೀಸೆ.
ಹಿಂಬದಿಗೆ ಗುತ್ಯಪ್ಪ ಎಳೆದ ನೀಲಿ ಗೆರೆ:
ಟಾರು ಮುಗಿಯುವ ಊರು, ಒಂದನೇ ಬಿಡಾರ, ಎರಡನೆಯದು,
ಕೊನೆಗೆ ಎರಡು ಶಿಖರಗಳ ನಡುವಿನ ಹಿಮದ ಕಂಡಿ,
ಐದು ಸಾವಿರದ ಇನ್ನೂರು ಮೀಟರು.
ಅಳತೆಗಿರಲಿ ಅಂತ ಪಕ್ಕದಲ್ಲಿ ಕೊಡಚಾದ್ರಿಯನ್ನೂ ಬರೆದ.
ಅದು ಚಾ ಲೋಟದಷ್ಟೇ ಎತ್ತರ ಬಂತು.
ಯಾರೂ ನಗಲಿಲ್ಲ.

ಬೂಟು ಪಳಗಬೇಕಂತೆ, ಎತ್ತಿನ ಹಾಗೆ.
ನೈಟ್ ಡ್ಯೂಟಿಗೆ ಅದನ್ನೇ ಹಾಕಿಕೊಂಡು ಹೋದೆ.
ಮೂರನೇ ಬೆಡ್ಡಿನ ಅಜ್ಜ ಕಣ್ಣು ತೆರೆದು
'ಎಲ್ಲಿಗ್ ಹೊಂಟ್ರಿ ಸಿಸ್ಟರ್?' ಅಂದ.
'ಇಲ್ಲೇ' ಅಂದೆ, ಸಲೈನು ಬದಲಿಸುತ್ತ.

ಔಷಧಿ ಡಬ್ಬಿ ನನ್ನ ಪಾಲು.
ಬೆರಳು ಕಚ್ಚಿ ಉಸಿರಿನ ಲೆಕ್ಕ ಹೇಳುವ ಪುಟ್ಟ ಯಂತ್ರವನ್ನು
ಎಲ್ಲಕ್ಕಿಂತ ಅಡಿಯಲ್ಲಿಟ್ಟೆ, ಹತ್ತಿ ಸುತ್ತಿ.
ಆ ಎರಡು ವರ್ಷ ಅದರ ಕೆಂಪು ಅಂಕಿ
ನನ್ನ ಕನಸಿನ ಗೋಡೆಗೂ ಅಂಟಿತ್ತು.
ತೊಂಬತ್ತಕ್ಕಿಳಿದರೆ ಓಡಬೇಕು,
ಎಂಬತ್ತೈದಾದರೆ ಡಾಕ್ಟರನ್ನು ಎಬ್ಬಿಸಬೇಕು,
ಎಪ್ಪತ್ತಾದರೆ
ಹೊರಗೆ ಕೂತವರ ಹೆಸರು ಕೇಳಿಟ್ಟುಕೊಳ್ಳಬೇಕು.

ಗೈಡು ಬಲವಂತ ರಾಣಾ ಫೋನಿನೊಳಗೆ ನಕ್ಕ.
ಮೆಹರುನ್ನೀಸಾ ಕನ್ನಡ ಮಾಡಿ ಹೇಳಿದಳು:
'ಅಲ್ಲಿ ಎಂಬತ್ತೈದು ಅಂದ್ರೆ ಆರೋಗ್ಯ ಅಂತೆ ಸಿಸ್ಟರ್.
ನೀರು ಕುಡೀಬೇಕಂತೆ. ಗಬ್ಬದ ಎಮ್ಮೆ ಥರ ನಡೀಬೇಕಂತೆ.'
ಎಮ್ಮೆ ಅವನದೋ ಇವಳದೋ ಗೊತ್ತಾಗಲಿಲ್ಲ.
ಆಮೇಲೆ ಅವನ ದನಿ ಚಪ್ಪಟೆಯಾಯಿತು.
ಇವಳೂ ನಿಧಾನ ಹೇಳಿದಳು:
'ಹನ್ನೊಂದು ಗಂಟೆಗೆ ಎಲ್ಲಿದ್ರೂ ವಾಪಸ್.
ನಾಲ್ಕು ಹೆಜ್ಜೆ ಬಾಕಿ ಇದ್ರೂ ವಾಪಸ್.
ಒಪ್ಪಿಗೆ ಇದ್ರೆ ಮಾತ್ರ ಅಡ್ವಾನ್ಸ್ ಕಳಿಸಿ.'

ಹತ್ತುವುದನ್ನು ಎಲ್ಲರೂ ಕಲಿಯುತ್ತಾರೆ.
ನಾವು ತಿರುಗುವುದನ್ನು ಕಲಿಯಲು ಹೊರಟೆವು,
ಜನವರಿಯ ಒಂದು ಭಾನುವಾರ, ನಿಟ್ಟೂರಿಗೆ ಮೊದಲ ಬಸ್ಸು,
ಬೆನ್ನಲ್ಲಿ ಎಂಟೆಂಟು ಕೆಜಿ ಸೊಸೈಟಿ ಅಕ್ಕಿ.
ಜೀಪಿನವರು ಧೂಳೆಬ್ಬಿಸಿ ಹೋಗುತ್ತ ಕೂಗಿದರು:
'ಅಕ್ಕೋರೆ, ಮೇಲೆ ಊಟ ಸಿಗುತ್ತೆ, ಅಕ್ಕಿ ಯಾಕೆ?'

ಫೋನು ಜೇಬಿನಲ್ಲಿ ಹನ್ನೊಂದು ಬಡಿದಾಗ
ಸರ್ವಜ್ಞಪೀಠದ ಕಲ್ಲುಮಂಟಪ ಅಲ್ಲೇ,
ಸೆಲ್ಫಿ ತೆಗೆಯುವವನ ಹಲ್ಲು ಕಾಣುವಷ್ಟು ಹತ್ತಿರ.
'ಹತ್ತೇ ನಿಮಿಷ ಸಿಸ್ಟರ್' ಅಂದ ಹಾಲೇಶ,
'ಇಲ್ಲಿ ಯಾರು ಸಾಯ್ತಾರೆ?'

ಹತ್ತೇ ನಿಮಿಷ.
ವಾರ್ಡಿನ ಬಾಗಿಲು ಹಿಡಿದು ಎಷ್ಟು ಮಂದಿ ಕೇಳಿದ್ದಾರೆ ಇದನ್ನು.
ಒಮ್ಮೆ ಕೊಟ್ಟಿದ್ದೆ ಕೂಡ, ಗಡಿಯಾರಕ್ಕೆ ಬೆನ್ನು ಮಾಡಿ
ಎದೆಯನ್ನು ಒತ್ತುತ್ತ, ಒತ್ತುತ್ತ.
ಏನೂ ಆಗಲಿಲ್ಲ.
ಕೊಡದಿದ್ದರೂ ಆಗುತ್ತಿರಲಿಲ್ಲ.
ಅದು ಬೇರೆ ಲೆಕ್ಕ, ಇದು ಬೇರೆ, ಅಂದುಕೊಂಡೆ.
ಬಾಯಿ ಮಾತ್ರ ತೆರೆಯಲಿಲ್ಲ.

ಮೊದಲು ತಿರುಗಿದವನು ಗುತ್ಯಪ್ಪ,
ಮೆಸ್ಕಾಂ ಲೈನ್‌ಮನ್, ಇಪ್ಪತ್ತೆರಡು ವರ್ಷ ಸರ್ವಿಸು:
'ಕರೆಂಟ್ ತೆಗೆದಿದೀವಿ ಅನ್ನೋ ಮಾತು ಕಿವಿಗೆ ಬೀಳದೆ
ನಾನು ಕಂಬ ಮುಟ್ಟೋನಲ್ಲ.'
ಅಷ್ಟೇ. ಇಳಿಯತೊಡಗಿದ.
ಅವನ ಹಿಂದೆ ಮೆಹರುನ್ನೀಸಾ, ಅವಳ ಹಿಂದೆ ನಾನು.
ಬಹಳ ಹೊತ್ತಿನ ಮೇಲೆ
ಹಿಂದೆ ಕಲ್ಲುರುಳುವ ಸದ್ದು, ಹಾಲೇಶನ ಬೂಟು.
ಅವನ ಚೀಲ ಎಲ್ಲೋ ತೂತಾಗಿ
ಹುಲ್ಲುಗುಡ್ಡದ ಮೇಲೆ ಸಣ್ಣಗೆ ಅಕ್ಕಿಯ ಗೆರೆ,
ಮಂಟಪದ ಕಡೆಗೆ ಹೋಗಿ, ನಿಂತು, ವಾಪಸು ಬಂದದ್ದು.

ಮೂರು ದಿನ ಅವನು ಫೋನೆತ್ತಲಿಲ್ಲ.
ನಾಲ್ಕನೆಯ ದಿನ ಹೋದರೆ ಫ್ಲೆಕ್ಸಿನ ಮೇಲೆ
ಎರಡನೇ ಬಿಡಾರದ ಹತ್ತಿರ
ನಾಲ್ಕು ಹಿತ್ತಾಳೆ ಸೀಟಿ, ಲೇತಿನಲ್ಲಿ ಕಡೆದದ್ದು, ಇನ್ನೂ ಬೆಚ್ಚಗೆ.
'ಮಂಜು ಮುಚ್ಚಿದ್ರೆ ಬೇಕಾಗುತ್ತೆ' ಅಂದ, ಮುಖ ನೋಡದೆ.
ಮೂರು ಕೂಗಿದವು; ಬೀದಿನಾಯಿಗಳೂ ದನಿಗೂಡಿಸಿದವು.
ನನ್ನದರಲ್ಲಿ ಬರೀ ಗಾಳಿ.
'ಕೊಡಿ ಇಲ್ಲಿ' ಎಂದು ಕಸಿದುಕೊಂಡು ಮತ್ತೆ ಯಂತ್ರಕ್ಕೆ ಕಚ್ಚಿಸಿದ,
'ಜೂನಿನವರೆಗೆ ಟೈಮಿದೆ.'