ಏಳೆಂಟ್ಲೆ ಎಷ್ಟು?

ಧಾರವಾಡದ ತರಬೇತಿಯಲ್ಲಿ ಮೂರನೆಯ ದಿನ,
ಊಟವಾಗಿ ಕಣ್ಣು ಎಳೆಯುವ ಹೊತ್ತಿಗೆ
ನನ್ನ ಮಗಳ ವಯಸ್ಸಿನ ಸಂಪನ್ಮೂಲ ವ್ಯಕ್ತಿ
ಗೋಡೆಯ ಮೇಲೆ ಮಿದುಳಿನ ಚಿತ್ರ ಬಿಟ್ಟು
"ನೀಲಿ ಅಂಗಿ ಸರ್, ಎದ್ದು ನಿಲ್ರಿ" ಅಂದಳು.
"ಏಳೆಂಟ್ಲೆ ಎಷ್ಟು? ಲಗೂನ ಹೇಳ್ರಿ.
ಎಲ್ಲಾರೂ ನಿಮ್ಮನ್ನ ನೋಡಾಕತ್ತಾರ."

ಇಪ್ಪತ್ತೆರಡು ವರ್ಷ ಬ್ಯಾಡಗಿಯ ಮಕ್ಕಳಿಗೆ
ಮಗ್ಗಿ ಹೇಳಿಸಿದ ಬಾಯಿ ಇದು.
ನಿದ್ದೆಯಲ್ಲೂ ಲೆಕ್ಕ ಬಡಬಡಿಸುತ್ತೀರಿ ಎಂದು
ಹೆಂಡತಿ ನಗುತ್ತಾಳೆ.
ಆವತ್ತು ಐವತ್ತಾರು ಎಲ್ಲಿ ಹೋಗಿತ್ತೋ.
ಅಂಗೈ ಬೆವೆತಿತ್ತು. ನಾಲಗೆ ಒಣ ಡಸ್ಟರು.
ಹಿಂದಿನ ಸಾಲಿನಲ್ಲಿ ಹಾನಗಲ್ಲಿನ ಮಾಸ್ತರೊಬ್ಬ
ಕಿಸಕ್ಕನೆ ನಕ್ಕ.
ನಲವತ್ತೆಂಟು, ಅಂದೆ.

ಆಕೆ ನಗಲಿಲ್ಲ. "ಕೂಡ್ರಿ ಸರ್. ನಿಮಗ ಬರ್ತದ.
ನಾನs ಬರದಂಗ ಮಾಡಿದೆ."
ಆಮೇಲೆ ಚಿತ್ರದಲ್ಲಿ ಕೋಲಿಟ್ಟು ತೋರಿಸಿದಳು:
ಕಿವಿಯಿಂದ ನೇರ ಒಳಗೆ ಹೋದರೆ
ಬಾದಾಮಿಯಷ್ಟು ಒಂದು ಗಂಟು. ಅಮಿಗ್ಡಲಾ.
(ಬರೆದುಕೊಳ್ಳುವಾಗ ಮೂರು ಸಲ ತಪ್ಪಿದೆ,
ಯಾರೂ ಕಿವಿ ಹಿಂಡಲಿಲ್ಲ.)
ಹುಲಿ ಬಂದರೂ ಮಾಸ್ತರ ಬಂದರೂ
ಅದು ಬಾರಿಸುವುದು ಒಂದೇ ಗಂಟೆಯಂತೆ.
ಬಾರಿಸಿತೋ, ಹಣೆಯ ಹಿಂದೆ ಕೂತು
ಲೆಕ್ಕ ಮಾಡುವವರು, ಶಬ್ದ ಹುಡುಕುವವರು
ಕದ ಹಾಕಿಕೊಂಡುಬಿಡುತ್ತಾರಂತೆ.

ಮೋಟೆಬೆನ್ನೂರು ದಾಟಿದ ಮೇಲೆ
ಬಸ್ಸಿನ ಕಿಟಕಿಯಿಂದ ಮೆಣಸಿನ ಘಾಟು ಬಂತು,
ಜೊತೆಗೆ ಮಾಲತೇಶ ನೆನಪಾದ.
ಐದನೆಯ ತರಗತಿ, ಗೋಡೆ ಬದಿ.
ಎದ್ದು ನಿಲ್ಲೆಂದಾಗಲೆಲ್ಲ ಚಡ್ಡಿಯ ಕಿಸೆಯನ್ನು
ಬಸ್ಸಿನ ಸರಳಿನಂತೆ ಹಿಡಿದುಕೊಳ್ಳುವ ಹುಡುಗ.
"ಯಾಕೋ, ಬಾಯಾಗ ಕಡಬು ಇಟ್ಕೊಂಡೀಯೇನು?"
ಅಂದವನು ನಾನೇ.
ತರಗತಿಗೆ ತರಗತಿಯೇ ನಕ್ಕಿತ್ತು.
ಆ ನಗು ಕೇಳಿ, ಪಾಠ ಚಲೋ ಆತು
ಅಂದುಕೊಂಡಿದ್ದವನೂ ನಾನೇ.

ಸೋಮವಾರ. ಪೇಟೆ ತುಂಬ ಕೆಂಪು ಚೀಲ.
ಗಾಳಿ ಶಾಲೆಯ ಕಡೆಗೇ ತಿರುಗಿತ್ತು,
ಹಾಜರಿ ಕರೆದರೆ ಮಕ್ಕಳು ಸೀನಿನಲ್ಲೇ ಓ ಅಂದರು.
ಕುರ್ಚಿ ಎಳೆದು ಅವರ ನಡುವೆ ಕೂತು
ಧಾರವಾಡದ ಕಥೆ ಹೇಳಿದೆ:
ಬೆವರು, ಡಸ್ಟರು, ನಲವತ್ತೆಂಟು, ಒಂದನ್ನೂ ಬಿಡದೆ.
ಬೀಬಿಜಾನ್ ಕೇಳಿದಳು:
"ಎಲ್ಲಿ ಹೊಡದ್ರಿ ಸರ ನಿಮಗ, ಕೈಗೋ ಕಾಲಿಗೋ?"

ಹೊಡೆಯಲಿಲ್ಲ ಅಂದರೆ ಆಕೆ ನಂಬಲಿಲ್ಲ.

ಇನ್ನು ಯಾರನ್ನೂ ಒಂಟಿಯಾಗಿ ನಿಲ್ಲಿಸುವುದಿಲ್ಲ ಎಂದೆ.
ಇಬ್ಬಿಬ್ಬರು ಕೂಡಿ ಹುಡುಕಿ, ತಪ್ಪಿದರೆ ತಪ್ಪಲಿ, ತಡವಾದರೆ ಆಗಲಿ.
ಎರಡು ವಾರ ಬರೀ ಗದ್ದಲ.
"ಸಂತಿ ಹಚ್ಚೀರೇನ್ರಿ?" ಹೆಡ್ಮಾಸ್ತರ ಕರಬಸಪ್ಪನವರು
ಬಾಗಿಲಲ್ಲಿ ನಿಂತು ಕೇಳಿ ಹೋದರು.
ನನಗೂ ಹಾಗೇ ಅನಿಸುತ್ತಿತ್ತು, ಸುಳ್ಳೇಕೆ.
ಒಂದು ದಿನ ತಡೆಯಲಾಗದೆ, ಹಳೆಯ ರೂಢಿಯಂತೆ,
ಮೇಜಿಗೆ ಫಟ್ಟೆಂದು ಬಡಿದೆ.

ಮೂವತ್ತನಾಲ್ಕು ಜೋಡಿ ಭುಜ
ಒಂದೇ ಸಲ ಕಿವಿಯವರೆಗೆ ಏರಿದವು.

ಮೊದಲೂ ಏರುತ್ತಿದ್ದವು.
ನಾನು ಅದನ್ನು ಶಿಸ್ತು ಎಂದು ಕರೆಯುತ್ತಿದ್ದೆ.
ಅವು ಇಳಿಯಲು ಎಷ್ಟು ಹೊತ್ತು ಬೇಕಾಯಿತೆಂದರೆ
ಅಷ್ಟರಲ್ಲಿ ಬೋರ್ಡು ಎರಡು ಸಲ ಒರೆಸಿದೆ,
ಅದರ ಮೇಲೆ ಏನೂ ಇರಲಿಲ್ಲ.

ಮೊನ್ನೆ ಬಿಸಿಯೂಟದ ಹೊತ್ತು.
ಹಾಜರಿ ಪುಸ್ತಕದಲ್ಲಿ ತಲೆ ಹುದುಗಿಸಿದ್ದೆ.
ಮೊಣಕೈ ಬಳಿ ಯಾರೋ ನಿಂತ ಹಾಗಾಯಿತು,
ಸಾರಿನ ವಾಸನೆ, ತಟ್ಟೆಯಿಂದ ತೊಟ್ಟಿಕ್ಕುವ ನೀರು.
"ಸರ, ನಲವತ್ತೆಂಟಂದ್ರ ಆರೆಂಟ್ಲೇರಿ.
ಧಾರವಾಡದಾಗ ನೀವು
ಒಂದs ಮನಿ ಹಿಂದ ನಿಂತಿದ್ರಿ."

ತಲೆ ಎತ್ತಲಿಲ್ಲ. ಶಭಾಷ್ ಅನ್ನಲಿಲ್ಲ,
ಜೋರಾಗಿ ಅಂದರೆ ಓಡಿಹೋದಾನು ಎಂಬ ಭಯ.
"ಹಂಗಾದ್ರ ಮುಂದಿನ ಮನಿ ಯಾರದಪಾ?" ಅಂದೆ,
ಪೆನ್ನಿನ ಟೋಪಿ ಹುಡುಕುತ್ತ.
ಕಿಸೆಯಿಂದ ಕೈ ತೆಗೆದು ಮಾಲತೇಶ
ಮೇಜಿನ ಧೂಳಿನಲ್ಲಿ ಐದು ಬರೆದ.
ಆರು ಬರೆಯುವಷ್ಟರಲ್ಲಿ ಸೀನು ಬಂತು,
ಅವನಿಗೆ, ಹಿಂದೆಯೇ ನನಗೆ.
ಧೂಳೆಲ್ಲ ಹಾರಿತು.
ಅವನು ನಕ್ಕು, ಮತ್ತೆ ಐದರಿಂದ ಶುರುಮಾಡಿದ.